ಗೊರಬಲಿಗೊಂದು ಚೀಟಿ, ಕೊರಳಿಗೊಂದು ರೀಲ್ಸ್

ಶಿವಮೊಗ್ಗದ ಅಡಿಕೆ ಮಂಡಿಗೆ ಒಂದೇ ಒಂದು ಚೀಲ ಗೊರಬಲು, ಅಂದರೆ ಕೆಳದರ್ಜೆಯ ಅಡಿಕೆ, ಹಾಕಿದರೂ ಅದಕ್ಕೊಂದು ಲಾಟ್ ನಂಬರು, ತೂಕದ ಚೀಟಿ, ಧಾರಣೆ ನಮೂದಿಸಿದ ಪಟ್ಟಿ ಸಿಗುತ್ತದೆ. ರಾಶಿ, ಬೆಟ್ಟೆ, ಸರಕು ಎಂಬ ಮೇಲಿನ ದರ್ಜೆಗಳಂತೂ ಗುಮಾಸ್ತರ ಪುಸ್ತಕದಲ್ಲಿ ಜಾತಕ ಸಮೇತ ಕುಳಿತಿರುತ್ತವೆ. ಅಂಥ ಚೀಲವೊಂದನ್ನು ಎತ್ತಲು ಹೋಗಿ ಕತ್ತು ಹಿಡಿಸಿಕೊಂಡ ನನ್ನನ್ನು ಮಾತ್ರ ಬೆನ್ನು, ಕತ್ತಿನ ಮೂಳೆಗಳನ್ನು ಕೈಯಿಂದಲೇ ಒತ್ತಿ, ತಿರುಗಿಸಿ ನೋವು ತೆಗೆಯುತ್ತೇವೆನ್ನುವ ಪೇಟೆಯ ಕೈರೋಪ್ರ್ಯಾಕ್ಟಿಕ್ ಕೇಂದ್ರವೊಂದು ಯಾವ ಚೀಟಿಯ ಹಂಗೂ ಇಲ್ಲದೆ ಬರಮಾಡಿಕೊಂಡಿತು.

1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಡಿ.ಡಿ. ಪಾಮರ್ ಎಂಬುವವರು ಕಿವಿ ಮಂದವಾಗಿದ್ದ ಜವಾನನೊಬ್ಬನ ಬೆನ್ನುಮೂಳೆ ಒತ್ತಿ ಕಿವಿ ಕೇಳಿಸಿದೆನೆಂದು ಹೇಳಿಕೊಂಡಲ್ಲಿಂದ ಈ ವಿದ್ಯೆ ಶುರುವಾಯಿತು. ಬೆನ್ನಿಗೂ ಕಿವಿಗೂ ಏನು ನೆಂಟಸ್ತಿಕೆ ಎಂದು ನಾನು ಕೇಳುವುದಿಲ್ಲ. ನಮ್ಮಲ್ಲೂ ಕ್ಷೌರ ಮುಗಿದ ಮೇಲೆ ಕತ್ತಿನ ನೆಟಿಗೆ ತೆಗೆಸಿಕೊಂಡು ಜನ್ಮ ಪಾವನವಾಯಿತೆಂದು ಎದ್ದು ಬರುವವರಿದ್ದಾರೆ. ಆದರೆ ಈ ವೃತ್ತಿಗೆ ಕಾನೂನಿನ ಕಡಿವಾಣವಿರುವ ಬ್ರಿಟನ್, ಕೆನಡಾಗಳಲ್ಲಿ ಮುಟ್ಟುವ ಮೊದಲೇ ರೋಗಿಯ ಪೂರ್ವಚರಿತ್ರೆ ಕೇಳಿ ಬರೆದುಕೊಳ್ಳಬೇಕು, ಅಪಾಯಗಳನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು, ಏನು ಮಾಡಿದೆವು, ಅದರಿಂದ ಏನಾಯಿತು ಎಂಬುದನ್ನು ತಾರೀಖಿನೊಂದಿಗೆ ದಾಖಲಿಸಬೇಕು. ಇದು ಕಾಗದದ ವ್ಯಾಮೋಹವಲ್ಲ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ಪಕ್ಕದ ರಂಧ್ರಗಳಲ್ಲಿ ಹಾದುಹೋಗುತ್ತವೆ. ಅಪರೂಪಕ್ಕಾದರೂ ಅವುಗಳ ಒಳಪದರ ಹರಿದರೆ ಪಾರ್ಶ್ವವಾಯುವೇ ಬಡಿಯಬಹುದು.

ನಮ್ಮ ಕೇಂದ್ರದಲ್ಲಿ ನನಗೆ ರಕ್ತದೊತ್ತಡವಿದೆಯೇ, ತಲೆ ಸುತ್ತುತ್ತದೆಯೇ, ಕೈ ಜೋಮು ಹಿಡಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಒಪ್ಪಿಗೆಯ ಸಹಿಯನ್ನಂತೂ ತಪ್ಪದೆ ಹಾಕಿಸಿಕೊಂಡರು. ಓದಿ ನೋಡಿದರೆ ಅದು ಕತ್ತು ತಿರುಗಿಸಲು ಕೊಟ್ಟ ಒಪ್ಪಿಗೆಯಲ್ಲ, ವಿಡಿಯೊ ಹಾಕಲು ಕೊಟ್ಟದ್ದು. ಬಳಿಕ ಕೊರಳಪಟ್ಟಿಗೊಂದು ಪುಟ್ಟ ಮೈಕು ಸಿಕ್ಕಿಸಿ, ಲಟಕ್ ಎನಿಸಿದರು. ಮೊದಲ ಸಲ ಶಬ್ದ ಸರಿಯಾಗಿ ಬಂದಿಲ್ಲವೆಂದು ಇನ್ನೊಮ್ಮೆ ತಿರುಗಿಸಿದರು. ಆದ್ದರಿಂದ ದಾಖಲೆ ಇಟ್ಟಿಲ್ಲವೆಂದು ಅವರನ್ನು ದೂರುವಂತಿಲ್ಲ. ನನ್ನ ಕೊರಳು ಹಿನ್ನೆಲೆ ಸಂಗೀತದೊಂದಿಗೆ ರೆಕಾರ್ಡ್ ಆಗಿದೆ.

ನಾಲ್ಕು ದಿನಕ್ಕೆ ನೋವು ಭುಜಕ್ಕಿಳಿಯಿತು. 2002ರ ವೈದ್ಯಕೀಯ ನಿಯಮಾವಳಿಯ ಪ್ರಕಾರ ಒಳರೋಗಿಗಳ ಚಿಕಿತ್ಸೆಯ ದಾಖಲೆಯನ್ನು 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಎಲ್ಲೋ ಓದಿದ್ದನ್ನು ನೆಚ್ಚಿಕೊಂಡು ಕೇಂದ್ರಕ್ಕೆ ಹೋದೆ. "ಅದು ರಿಜಿಸ್ಟರ್ ಆದ ಡಾಕ್ಟರುಗಳಿಗೆ ಸಾರ್, ನಾವು ಡಾಕ್ಟರಲ್ಲವಲ್ಲ" ಎಂದು ಕೌಂಟರಿನ ಹುಡುಗಿ ಬಹಳ ವಿನಯದಿಂದ ಹೇಳಿದಳು. ಅವಳ ತಲೆಯ ಮೇಲಿನ ಬೋರ್ಡಿನಲ್ಲಿ ಹೆಸರಿಗಿಂತ ದೊಡ್ಡದಾಗಿ "ಡಾ." ಎಂದಿತ್ತು. ರಿಜಿಸ್ಟರ್ ಆಗದವರಿಗೆ ರಿಜಿಸ್ಟರ್ ಏಕೆ ಬೇಕು ಎಂಬ ಅವಳ ತರ್ಕದಲ್ಲಿ ನನಗೂ ದೋಷ ಕಾಣಲಿಲ್ಲ.

ಕೊನೆಗೆ ಮೂಳೆ ವೈದ್ಯರ ಬಳಿ ಹೋದೆ. ಹಿಂದಿನ ಚಿಕಿತ್ಸೆಯ ಕಾಗದ ಕೇಳಿದರು. ಮೊಬೈಲ್ ತೆಗೆದು ರೀಲ್ಸ್ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಮೂರು ಬಾರಿ ನೋಡಿ, "ಎಡಕ್ಕೆ ತಿರುಗಿಸಿದ್ದೋ, ಬಲಕ್ಕೋ?" ಎಂದರು. ಗೋಡೆಯ ಮೇಲಿನ ಬರಹವೂ ಉಲ್ಟಾ ಕಾಣುತ್ತಿತ್ತು; ಸೆಲ್ಫಿ ಕ್ಯಾಮೆರಾದಲ್ಲಿ ಹಿಡಿದಿದ್ದರು.