ಡ್ರ್ಯಾಗನ್ ಇರಲಿ, ಮುತ್ತು ಬೇಡ

ಮಾಯಾಲೋಕದ ಪ್ರೇಮಕಾದಂಬರಿ ಓದುವವರನ್ನು ಕಂಡರೆ ಗಂಭೀರ ಓದುಗರಿಗೆ ಬಹಳ ಕಳವಳ. ನ್ಯಾಯವೇ ಬಿಡಿ. ಯಾರೋ ಒಬ್ಬಳು ಮಂಜಿನೊಳಗೆ ಕಾಲಿಟ್ಟು ಇನ್ನೊಂದು ಲೋಕದಲ್ಲಿ ಏಳುತ್ತಾಳೆ. ಅಲ್ಲಿ ಎರಡು ಚಂದ್ರ, ಮಾತಾಡುವ ಕಾಡು, ಐನೂರು ವರ್ಷವಾದರೂ ಒಂದು ನರೆಗೂದಲಿಲ್ಲದ ರಾಜಕುಮಾರ. ಮೊದಲ ಅಧ್ಯಾಯದಲ್ಲಿ ಅವಳ ಕೊರಳಿಗೆ ಕತ್ತಿ ಹಿಡಿದವನು ಇಪ್ಪತ್ತನೆಯದರಲ್ಲಿ ಅದೇ ಕತ್ತಿಯನ್ನು ಅವಳ ಪಾದದ ಬಳಿ ಇಡುತ್ತಾನೆ. ಓದುತ್ತಿರುವವಳು ನಡುರಾತ್ರಿ ದಿಂಬಿಗೆ ಮುಖ ಒತ್ತಿ ನಗುತ್ತಾಳೆ. ಖುಷಿಯಾಗಿದ್ದಾಳೆ! ಅದೂ ಯಾರ ಅಪ್ಪಣೆಯೂ ಇಲ್ಲದೆ!

“ಇದೆಲ್ಲ ನಡೆಯುವ ಮಾತೇ?” ಎಂದು ಗಂಭೀರರು ಮೂಗು ಮುರಿಯುತ್ತಾರೆ. ಅವರ ಕಪಾಟಿನಲ್ಲೂ ಡ್ರ್ಯಾಗನ್‌ಗಳಿವೆ, ಸತ್ತವರ ಸೈನ್ಯವಿದೆ, ಏಳು ರಾಜವಂಶಗಳ ವಂಶಾವಳಿ ಅವರಿಗೆ ಬಾಯಿಪಾಠ. ಆದರೆ ಅದು ಅಧಿಕಾರದ ರೂಪಕ. ಡ್ರ್ಯಾಗನ್ ಬೆನ್ನ ಮೇಲೆ ಇಬ್ಬರು ಕಡಿದಾಡಿದರೆ ಮಹಾಕಾವ್ಯ, ತಬ್ಬಿಕೊಂಡರೆ ಕಾಲಹರಣ. ಈ ವ್ಯತ್ಯಾಸ ಡ್ರ್ಯಾಗನ್‌ಗೆ ಮಾತ್ರ ಇನ್ನೂ ತಿಳಿದಿಲ್ಲ.

ಅವರನ್ನು ನಿಜಕ್ಕೂ ಕಾಡುವುದು ರೆಕ್ಕೆ, ಮಂತ್ರ, ಶಾಪಗಳಲ್ಲ. ಆ ರಾಜಕುಮಾರ ಅವಳು ಮಾತಾಡುವಾಗ ನಡುವೆ ಬಾಯಿ ಹಾಕುವುದಿಲ್ಲ. ಅವಳು ಹೇಳಿದ್ದನ್ನು ಮೂರು ಅಧ್ಯಾಯ ಕಳೆದರೂ ಮರೆತಿರುವುದಿಲ್ಲ. ಇಷ್ಟು ಅಸಂಭವವನ್ನು ಯಾರು ತಾನೆ ನಂಬುತ್ತಾರೆ? ಕಲ್ಪನೆಗೂ ಒಂದು ಮಿತಿ ಬೇಡವೇ?

ಮಿತಿ ಹಾಕುವವರೂ ಇದ್ದಾರೆ. ಅಮೆರಿಕದ ಯೂಟಾ ರಾಜ್ಯ 2024ರ ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಗಳಲ್ಲಿ ಇರಕೂಡದ 13 ಪುಸ್ತಕಗಳ ಪಟ್ಟಿ ಹೊರಡಿಸಿತು. ಅದರಲ್ಲಿ 6 ಈ ಬಗೆಯ ಕಾದಂಬರಿಗಳ ಮಹಾರಾಣಿ ಸಾರಾ ಜೆ. ಮಾಸ್ ಒಬ್ಬರವೇ. 13ರಲ್ಲಿ 12 ಹೆಂಗಸರು ಬರೆದವು. ಕಾಕತಾಳೀಯ ಇರಬೇಕು. ಹಸಿಬಿಸಿ ದೃಶ್ಯಗಳಿರುವ ಪುಸ್ತಕ ಚಿಕ್ಕ ಮಕ್ಕಳ ಕೈಗೆ ಬೇಡ ಎಂದರೆ ನನ್ನ ತಕರಾರಿಲ್ಲ. ಆದರೆ ಕಪಾಟಿನಿಂದ ತೆಗೆದ ಪ್ರತಿಗಳನ್ನು ಮಾರುವಂತಿಲ್ಲ, ಹಂಚುವಂತಿಲ್ಲ, ವಿಲೇವಾರಿಯೇ ಮಾಡಬೇಕಂತೆ. ಐನೂರು ವರ್ಷ ಮಾಟಗಾತಿಯರಿಂದ ತಪ್ಪಿಸಿಕೊಂಡವನು ಕೊನೆಗೆ ಒಂದು ಸುತ್ತೋಲೆಗೆ ಸಿಕ್ಕಿಬಿದ್ದ.

ಇತ್ತ ಮಾರುಕಟ್ಟೆಗೆ ನಾಚಿಕೆ ಎಂಬುದೇ ಇಲ್ಲ. 2025ರ ಜನವರಿಯಲ್ಲಿ ರೆಬೆಕಾ ಯಾರೋಸ್ ಅವರ ಡ್ರ್ಯಾಗನ್ ಪ್ರೇಮಕಥೆಯ ಮೂರನೆಯ ಭಾಗ ಒಂದೇ ವಾರದಲ್ಲಿ 27 ಲಕ್ಷ ಪ್ರತಿ ಖರ್ಚಾಯಿತು. ಹಾಗಿದ್ದರೂ ಯಾರನ್ನಾದರೂ ಕೇಳಿ ನೋಡಿ: “ಗೆಳತಿ ಕೊಟ್ಟಳು, ಸುಮ್ಮನೆ ತಿರುವಿ ಹಾಕ್ತಿದ್ದೆ.” ಕೊಡುವ ಆ ಗೆಳತಿ ಒಬ್ಬಳೇ 27 ಲಕ್ಷ ಕೊಂಡಿರಬೇಕು. ಜೇನ್ ಆಸ್ಟಿನ್ 1817ರ ಕೊನೆಗೆ ಹೊರಬಂದ ತಮ್ಮ ಕಾದಂಬರಿಯಲ್ಲೇ ಈ ನಾಟಕವನ್ನು ಗೇಲಿ ಮಾಡಿದ್ದರು: ಏನು ಓದುತ್ತಿದ್ದೀಯ ಎಂದು ಕೇಳಿದರೆ ಹುಡುಗಿ “ಬರೀ ಕಾದಂಬರಿ” ಎಂದು ಪುಸ್ತಕ ಕೆಳಗಿಡುತ್ತಾಳೆ. ಇನ್ನೂರು ವರ್ಷವಾಯಿತು, ಪುಸ್ತಕ ಇನ್ನೂ ಕೆಳಗೇ ಇದೆ.

ಗಂಭೀರರ ಶ್ರದ್ಧೆಯನ್ನು ಮಾತ್ರ ಮೆಚ್ಚಬೇಕು. ಓದದೆ ಖಂಡಿಸುವ ಜಾತಿಯವರಲ್ಲ. ಯಾವ ಪುಟದಲ್ಲಿ ಸಭ್ಯತೆ ಜಾರಿತು, ಎಷ್ಟನೆಯ ಸಾಲಿನಲ್ಲಿ ಅಂಗಿಯ ಗುಂಡಿ ಕಳಚಿತು ಎಂದು ಪೆನ್ಸಿಲ್ ಗುರುತು ಸಮೇತ ಹೇಳಬಲ್ಲರು. ಮುಂದಿನ ಭಾಗ ಯಾವಾಗ ಬರುತ್ತದೆಂದು ವಿಚಾರಿಸುತ್ತಲೂ ಇದ್ದಾರೆ, ಅದನ್ನೂ ಖಂಡಿಸಬೇಕಲ್ಲ.