ಮೂಗಿನಿಂದ ಮೇಜಿಗೆ ಎಷ್ಟು ದೂರ?

ಚಷ್ಮಾ ಅಂಗಡಿಯವರಿಗೆ ಜಗತ್ತಿನಲ್ಲಿ ಎರಡೇ ದೂರಗಳು ಗೊತ್ತು. ಒಂದು, ಎದುರು ಗೋಡೆಯಲ್ಲಿ ಅಕ್ಷರಗಳ ಫಲಕ ತೂಗುಹಾಕಿದ ದೂರ. ಇನ್ನೊಂದು, ಪತ್ರಿಕೆ ಹಿಡಿದು ಓದುವ ದೂರ. ಎರಡರಲ್ಲೂ ಪಾಸಾದರೆ ಕಣ್ಣು ಸರಿಯಾಯಿತೆಂದು ಬಿಲ್ಲು ಹರಿದು ಕೈಗೆ ಕೊಡುತ್ತಾರೆ. ಕೈಕೆಲಸದವರು ಹೊಟ್ಟೆಪಾಡಿಗೆ ಗೋಡೆಯನ್ನೂ ಓದುವುದಿಲ್ಲ, ಪತ್ರಿಕೆಯನ್ನೂ ಓದುವುದಿಲ್ಲ ಎಂಬುದು ಅವರ ಲೆಕ್ಕಕ್ಕೇ ಬರುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಮುತ್ತ ಒಂದು ಸುತ್ತು ಹಾಕಿ ನೋಡಿ. ಕ್ಷೌರಿಕನ ಕಣ್ಣಿಗೂ ಗಿರಾಕಿಯ ಗಲ್ಲಕ್ಕೂ ಒಂದು ಅಂತರ, ಸಿಂಪಿಗನ ಕಣ್ಣಿಗೂ ಮಷೀನಿನ ಸೂಜಿಗೂ ಇನ್ನೊಂದು. ಪತ್ತಾರನ ಕೆಲಸವಂತೂ ಮೂಗಿನ ತುದಿಯಲ್ಲೇ ನಡೆಯುತ್ತದೆ.

ಧಾರವಾಡದ ಮಾಳಮಡ್ಡಿಯಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಗಡಿಯಾರ, ರೇಡಿಯೊಗಳನ್ನು ಬಿಚ್ಚಿ ಜೋಡಿಸುವುದು ನನ್ನ ಹವ್ಯಾಸ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ, ಬಿಸಿ ರೊಟ್ಟಿ ದಿನ ಕಳೆದಂತೆ ಕಟಕ್ ರೊಟ್ಟಿಯಾಗುವ ಹಾಗೆ, ಬಿರುಸಾಗುತ್ತ ಹೋಗುತ್ತದೆ. ಹತ್ತು ವರ್ಷದ ಹುಡುಗ 7-8 ಸೆಂ.ಮೀ. ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ನೋಡಬಲ್ಲ. ಅರವತ್ತರ ಹೊತ್ತಿಗೆ ಆ ಗಡಿ ಸುಮಾರು ಒಂದು ಮೀಟರ್ ಆಚೆಗೆ ಸರಿದಿರುತ್ತದೆ. ಕೈ ಅಷ್ಟು ಉದ್ದ ಬೆಳೆಯುವುದಿಲ್ಲವಾದ್ದರಿಂದ ಚಾಳೀಸು ಬೇಕು.

ಚಾಳೀಸಿನ ಲೆಕ್ಕ ಸುಲಭ. ನೂರನ್ನು ಅದರ ನಂಬರಿನಿಂದ ಭಾಗಿಸಿದರೆ ಅದು ಕೆಲಸ ಮಾಡುವ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಎರಡೂವರೆ ನಂಬರಿಗೆ 40, ನಾಲ್ಕು ನಂಬರಿಗೆ 25. ದೂರದ ನೋಟಕ್ಕೆ ನಂಬರಿಲ್ಲದ, ಹತ್ತಿರದ ಶಕ್ತಿ ಪೂರ್ತಿ ಬತ್ತಿದ ಕಣ್ಣಿಗೆ ಈ ಲೆಕ್ಕ ತಪ್ಪುವುದಿಲ್ಲ. ಹೀಗಾಗಿ ನಾನು ಮೂಗಿನ ಸೇತುವೆಯಿಂದ ಕೆಲಸದ ಮೇಜಿನವರೆಗೆ ಒಂದು ದಾರ ಅಳೆದು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಹುಡುಗ ದಾರವನ್ನು ತನ್ನ ಮೂಗಿಗೇ ಹಿಡಿದು ನೋಡಿ, "ಇಷ್ಟು ಹತ್ತಿರ ಏನು ನೋಡುತ್ತೀರಿ ಕಾಕಾ?" ಎಂದು ನಕ್ಕ. ನಕ್ಕರೂ ಮಸೂರ ಬದಲಿಸಿದ. "ಇದನ್ನು ಹಾಕಿಕೊಂಡು ಗಾಡಿ ಹೊಡೆಯಬೇಡಿ" ಎಂದು ಎಚ್ಚರಿಸಿಯೂ ಕಳಿಸಿದ. ಆ ಚಷ್ಮಾ ಈಗ ಮೇಜಿನ ಪಕ್ಕದ ಮೊಳೆಗೆ ತೂಗುತ್ತಿರುತ್ತದೆ. ನಡುನಡುವೆ ಅದು ಮಾಯವಾದರೆ ಹೆಂಡತಿ ಅಕ್ಕಿ ಆರಿಸಲು ಕುಳಿತಿದ್ದಾಳೆಂದು ತಿಳಿಯಬೇಕು.

ಆದರೆ ನನ್ನನ್ನು ಕೇಳಿದರೆ, ಚಷ್ಮಾಕ್ಕಿಂತ ಮೊದಲು ದುಡ್ಡು ಹಾಕಬೇಕಾದದ್ದು ಬೆಳಕಿಗೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿನೊಳಗೆ ಹೋಗುವ ಬೆಳಕಿನ ಮೂರರಲ್ಲಿ ಒಂದು ಪಾಲಷ್ಟೇ ಅರವತ್ತರ ಕಣ್ಣಿನೊಳಗೆ ಹೋಗುತ್ತದೆನ್ನುತ್ತಾರೆ. ಒಳ್ಳೆಯ ದೀಪ ಈ ಕೊರತೆಯನ್ನು ತುಂಬುವುದಷ್ಟೇ ಅಲ್ಲ, ಪಾಪೆಯನ್ನು ಇನ್ನಷ್ಟು ಕುಗ್ಗಿಸಿ ನೋಟವನ್ನೂ ಚೂಪು ಮಾಡುತ್ತದೆ. ನಮ್ಮ ಹಿರಿಯರಿಗೆ ಈ ವಿಜ್ಞಾನ ತಿಳಿದಿತ್ತೋ ಇಲ್ಲವೋ, ಕುಳಿತುಕೊಳ್ಳುವ ಜಾಗ ಮಾತ್ರ ತಿಳಿದಿತ್ತು. ನಮ್ಮ ದೊಡ್ಡವ್ವ ಕಸೂತಿ ಹಾಕಲು ಕೂರುತ್ತಿದ್ದದ್ದು ಬೆಳಗಿನ ಹೊತ್ತು, ಬಾಗಿಲ ಬಳಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ, ಮುರಗಿ ಹೊಲಿಗೆಗಳಾದರೆ ಎರಡೂ ಮಗ್ಗಲು ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಅದರಲ್ಲೂ ಚಂದ್ರಕಾಳಿ ಸೀರೆಯ ಕಪ್ಪಿನಲ್ಲಿ ಕಪ್ಪು ಎಳೆಗಳನ್ನು ಎಣಿಸುವುದೆಂದರೆ ಎಳೆಯ ಕಣ್ಣಿಗೂ ಸಾಕುಸಾಕಾಗುತ್ತದೆ. ದೊಡ್ಡವ್ವ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿ ಅದರ ಮೇಲೆ ಸೀರೆಯನ್ನು ಹರಡಿಕೊಳ್ಳುತ್ತಿದ್ದಳು. ಎಳೆಗಳ ನಡುವಿನ ಸಂದಿಯಲ್ಲಿ ಟವೆಲಿನ ಬಿಳುಪು ಚುಕ್ಕಿಚುಕ್ಕಿಯಾಗಿ ಇಣುಕುತ್ತಿತ್ತು. ಅವಳು ಎಣಿಸುತ್ತಿದ್ದದ್ದು ಎಳೆಗಳನ್ನಲ್ಲ, ಆ ಚುಕ್ಕಿಗಳನ್ನು.

ಅದೇ ಬುದ್ಧಿ ಕಬ್ಬಿಣದ ಕೆಲಸಕ್ಕೂ ಬರುತ್ತದೆ. ಸಣ್ಣ ಅಳತೆ ಹಿಡಿಯುವ ವರ್ನಿಯರ್ ಕ್ಯಾಲಿಪರಿನ ಗೀಟುಗಳು ಉಕ್ಕಿನ ಹೊಳಪಿನಲ್ಲಿ ಮುಳುಗಿಹೋಗಿದ್ದರೆ ಸೀಮೆಸುಣ್ಣ ಉಜ್ಜಿ ಮೇಲಿನದನ್ನು ಬೆರಳಿನಿಂದ ಒರೆಸಿಬಿಡಿ. ಪುಡಿ ಗೀಟಿನೊಳಗೆ ಮಾತ್ರ ಉಳಿದು, 0.02 ಮಿ.ಮೀ. ಲೆಕ್ಕವೂ ಓದಲು ಸಿಗುತ್ತದೆ. ಗಡಿಯಾರದ ಸ್ಕ್ರೂ ನೆಲಕ್ಕೆ ಬಿದ್ದರೆ ಮೇಲಿನಿಂದ ಟಾರ್ಚ್ ಬಿಡುವುದು ವ್ಯರ್ಥ. ಟಾರ್ಚನ್ನು ನೆಲದ ಮೇಲೆಯೇ ಮಲಗಿಸಿ ಉರಿಸಬೇಕು. ಜೋಳದ ನುಚ್ಚಿಗಿಂತ ಸಣ್ಣ ಸ್ಕ್ರೂ ತನಗಿಂತ ಎಷ್ಟೋ ಪಟ್ಟು ಉದ್ದದ ನೆರಳು ಚಾಚಿ ತಾನೇ ಸಿಕ್ಕಿಬೀಳುತ್ತದೆ. ಜೊತೆಗೆ ನೂರಾರು ಧೂಳಿನ ಕಣಗಳೂ ನೆರಳು ಚಾಚುತ್ತವೆ. ಆಗ ಮನೆಯ ಕಸಗುಡಿಸುವಿಕೆಯ ಬಗ್ಗೆ ಏನೂ ಮಾತನಾಡದಿರುವುದು ಕ್ಷೇಮ.

ಭೂತಗನ್ನಡಿಯ ವಿಷಯದಲ್ಲಿ ಜನ ದೊಡ್ಡ ನಂಬರಿಗೆ ಮರುಳಾಗುತ್ತಾರೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಮಸೂರ ಕೆಲಸ ಮಾಡುವುದು ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ. ಅಷ್ಟರೊಳಗೆ ಚಿಮುಟವೂ ಹೋಗಬೇಕು, ಬೆಳಕೂ ಹೋಗಬೇಕು, ನಮ್ಮ ಉಸಿರು ಮಾತ್ರ ಹೋಗಬಾರದು. ಒಂದೇ ಕಣ್ಣಿನ ನೋಟವಾದ್ದರಿಂದ ಚಿಮುಟದ ತುದಿ ಚಕ್ರದ ಮುಂದಿದೆಯೋ ಹಿಂದಿದೆಯೋ ತಿಳಿಯುವುದಿಲ್ಲ. ಪರೀಕ್ಷಿಸಲು ಅದು ಸರಿ. ಕೆಲಸಕ್ಕೆ ತಲೆಗೆ ಕಟ್ಟಿಕೊಳ್ಳುವ, ಎರಡೂ ಕಣ್ಣಿಗೆ ಒದಗುವ ಎರಡು ಮೂರು ಪಟ್ಟಿನದೇ ಮೇಲು. ರೇಡಿಯೊದ ರೆಸಿಸ್ಟರುಗಳ ಮೇಲೆ ಅವುಗಳ ರೋಧದ ಅಳತೆ ಹೇಳುವ ಬಣ್ಣದ ಪಟ್ಟಿಗೆ ಬಂದರೆ ಯಾವ ಮಸೂರವೂ ಆಗಿಬರುವುದಿಲ್ಲ. ಕಾದು ಕಂದಿದ ಕೆಂಪು, ಕಂದು, ಕಿತ್ತಳೆಗಳು ಹಳದಿಗಟ್ಟಿದ ಕಣ್ಣಿಗೆ ಒಂದೇ ಮನೆತನದವು. ಅಲ್ಲಿ ನಾನು ಕಣ್ಣನ್ನು ನಂಬುವುದು ಬಿಟ್ಟು ಮಲ್ಟಿಮೀಟರಿಗೆ ಶರಣಾಗುತ್ತೇನೆ.

ಕಣ್ಣಿನ ಮಾತು ತೆಗೆದರೆ ಯಾರಾದರೊಬ್ಬರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳಿ ನನ್ನನ್ನು ಸಮಾಧಾನ ಮಾಡಲು ಬರುತ್ತಾರೆ. ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ (1914-2010) ಕಣ್ಣಿರಲಿಲ್ಲ, ಅವರು ಎಂಥ ಸಾಧನೆ ಮಾಡಿದರು ನೋಡಿ, ಎನ್ನುತ್ತಾರೆ. ಮಾತೇನೋ ನಿಜ. ಆದರೆ ಅಂಥವರ ಬೆರಳಿನ ಹಿಂದೆ ಎಳವೆಯಿಂದ ಮಾಡಿದ ಅಭ್ಯಾಸವಿರುತ್ತದೆ. ಜೀವನವಿಡೀ ಕಣ್ಣಿನ ಮೇಲೆ ಸವಾರಿ ಮಾಡಿದ ನನ್ನ ಬೆರಳು ಈ ವಯಸ್ಸಿನಲ್ಲಿ ಹೊಸದಾಗಿ ಶಾಲೆಗೆ ಸೇರಿದೆ. ಹಿತ್ತಾಳೆಯ ಅಂಚಿನ ಮೇಲೆ ಉಗುರು ಹಾಯಿಸಿ ಗೀರು ಇದೆಯೋ ಇಲ್ಲವೋ ಹೇಳುವಷ್ಟು ಮಾತ್ರ ಕಲಿತಿದೆ.

ಈ ದೂರದ ಜಗಳ ಎಲ್ಲಕ್ಕಿಂತ ಹೆಚ್ಚು ಬಿಸಿಯೇರುವುದು ಕಣ್ಣಿನ ಪೊರೆ ತೆಗೆಸುವಾಗ. ಹಾವೇರಿ, ಗದಗಗಳಿಂದಲೂ ಜನ ಇದಕ್ಕಾಗಿ ಹುಬ್ಬಳ್ಳಿಗೆ ಬರುತ್ತಾರೆ. ಪೊರೆ ತೆಗೆದು ಒಳಗೆ ಕೂರಿಸುವ ಸಾಮಾನ್ಯ ಮಸೂರಕ್ಕೆ ಒಂದೇ ದೂರ. ಕೇಳದಿದ್ದರೆ ಬಹುಮಟ್ಟಿಗೆ ಅದನ್ನು ದೂರದ ನೋಟಕ್ಕೇ ಹೊಂದಿಸುತ್ತಾರೆ. ಬೆಟಗೇರಿಯ ನನ್ನ ಪತ್ತಾರ ಗೆಳೆಯನಿಗೆ ಹುಟ್ಟಾ ಮೈನಸ್ ನಾಲ್ಕು ನಂಬರು, ಅಂದರೆ ದೂರದ್ದು ಮಸುಕು, ಹತ್ತಿರದ್ದು ಸ್ಪಷ್ಟ. ಎಲ್ಲರೂ ಚಾಳೀಸು ಹುಡುಕಾಡುವಾಗ ಅವನು ಚಷ್ಮಾ ತೆಗೆದು ಬರಿಗಣ್ಣಿನಲ್ಲಿ, 25 ಸೆಂ.ಮೀ. ದೂರದಲ್ಲಿ, ಬುಗುಡಿಯ ಬೆಸುಗೆ ನೋಡುತ್ತಾನೆ. ಅವನ ಬಂಡವಾಳವೇ ಆ ದೋಷ. ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ದೋಷ ಸರಿಪಡಿಸಿಬಿಟ್ಟರೆ ಕಸುಬು ಕೆಡುತ್ತದೆ. ಅವನು ಡಾಕ್ಟರಿಗೆ ಮೊದಲೇ ಹೇಳಿ, ಹತ್ತಿರಕ್ಕೇ ಹೊಂದುವ ಮಸೂರ ಹಾಕಿಸಿಕೊಂಡ. ಹಾಗಾದರೆ ರಸ್ತೆಯಲ್ಲಿ ಎದುರಿಗೆ ಬಂದವರ ಗುರುತು ಹೇಗೆ ಹಿಡಿಯುತ್ತೀ ಎಂದು ಕೇಳಿದೆ.

"ಚಷ್ಮಾ ಹಾಕಿಕೊಳ್ಳುತ್ತೇನೆ" ಎಂದ. "ಸಾಲ ಕೊಟ್ಟವರು ಎದುರಿಗೆ ಬಂದರೆ ತೆಗೆಯುತ್ತೇನೆ."