ಸಿಟ್ಟಿಗೂ ಒಂದು ಪಾರ್ಕಿಂಗ್

ನಮ್ಮ ರಸ್ತೆಯ ಹೊಂಗೆ ಮರಕ್ಕೆ 37 ಅಂತ ನಂಬರು ಬಿದ್ದಿದೆ. ಹಳದಿ ಪೇಂಟು. ಬರೆದವನಿಗೆ ಏನೋ ಆತುರ ಇತ್ತು ಅಂತ ಕಾಣುತ್ತದೆ, 7ರ ಬಾಲ ಸೋರಿಕೊಂಡು ಬುಡದವರೆಗೂ ಇಳಿದಿದೆ. ಎಳನೀರು ಮಾರುವ ಯಜಮಾನರು ಅದೇ ಮರಕ್ಕೆ ಗಾಡಿ ಒರಗಿಸಿಕೊಂಡು ನಿಂತಿರುತ್ತಾರೆ. ಮೊದಲ ದಿನ ಅವರು ಖುಷಿಯಲ್ಲೇ ಇದ್ದರು. ಮರಗಳ ಗಣತಿ ಅಂದುಕೊಂಡಿದ್ದರಂತೆ. ಗಣತಿ ಆದಮೇಲೆ ಸರ್ಕಾರ ಏನಾದರೂ ಕೊಡುತ್ತದಲ್ಲ, ಆ ಲೆಕ್ಕ.

ಮಾರನೇ ದಿನ ನೋಟಿಸು ಬಂತು. ರಸ್ತೆ ಅಗಲ ಮಾಡುತ್ತೇವೆ, 50ಕ್ಕಿಂತ ಜಾಸ್ತಿ ಮರ ಹೋಗುತ್ತವೆ, ಆಕ್ಷೇಪಣೆ ಇದ್ದರೆ ಹತ್ತು ದಿನದೊಳಗೆ ಬರೆದು ಕೊಡಿ. ಆ ನೋಟಿಸನ್ನು ಹಾಕಿದ್ದೂ ಮರಕ್ಕೇ. ಮೊಳೆ ಹೊಡೆದು. ಗಲ್ಲಿನ ಆದೇಶವನ್ನು ಕೈದಿಯ ಎದೆಗೇ ಜಡಿದ ಹಾಗೆ.

ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಮರದ ಕೆಳಗೆ ಬೋರ್ಡು ಹಿಡಿದು ನಿಲ್ಲೋಣ ಅಂತ ನಾವು ಇಪ್ಪತ್ತು ಜನ ಮಾತಾಡಿಕೊಂಡೆವು. ಅದರಲ್ಲಿ ಹದಿನಾಲ್ಕು ಜನ ಪಿಂಚಣಿದಾರರು. ಕ್ರಾಂತಿ ಮಾಡಿದರೂ ಹನ್ನೊಂದು ಗಂಟೆಯ ಮಾತ್ರೆಗೆ ಮನೆಯಲ್ಲಿರಬೇಕಾದವರು. ಸುಮ್ನೆ ಯಾಕೆ ರಗಳೆ, ಮೊದಲೇ ತಿಳಿಸೋಣ ಅಂತ ಠಾಣೆಗೆ ಹೋದೆವು. ಹೆಡ್ ಕಾನ್‌ಸ್ಟೇಬಲ್ ಒಳ್ಳೆಯವರು. ಕುರ್ಚಿ ಹಾಕಿಸಿದರು.

"ಎಷ್ಟು ಜನ ಸಾರ್?"

"ಇಪ್ಪತ್ತು."

"ಘೋಷಣೆ ಏನು ಕೂಗ್ತೀರ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಘೋಷಣೆಯ ಯೋಚನೆಯೇ ಮಾಡಿರಲಿಲ್ಲ. ನಮ್ಮ ಪೈಕಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದಾರೆ, ಅವರು "ಕೂಗಲ್ಲ ಕಣ್ರೀ, ಕೂಗಿದ್ರೆ ನಂಗೆ ಕೆಮ್ಮು ಬರತ್ತೆ. ಸುಮ್ನೆ ನಿಂತ್ಕೋತೀವಿ" ಅಂದರು.

"ಸುಮ್ನೆ ನಿಂತ್ರೂ ಧರಣಿನೇ ಸಾರ್. ಫ್ರೀಡಂ ಪಾರ್ಕಿಗೆ ಹೋಗಿ."

"ಅಲ್ಲಪ್ಪ, ಮರ ಇಲ್ಲಿದೆಯಲ್ಲ."

"ಮರ ಎಲ್ಲಿ ಬೇಕಾದ್ರೂ ಇರ್ಲಿ ಸಾರ್. ಸಿಟ್ಟು ಮಾತ್ರ ಅಲ್ಲೇ ಮಾಡ್ಕೋಬೇಕು."

ಇಷ್ಟು ಚೆನ್ನಾಗಿ ಕಾನೂನು ವಿವರಿಸಿದ ವಕೀಲರನ್ನು ನಾನು ಇನ್ನೂ ನೋಡಿಲ್ಲ.

ವಿಷಯ ನಿಮಗೂ ಗೊತ್ತಿರುವುದೇ. 2021ರಿಂದ ಬೆಂಗಳೂರಿನಲ್ಲಿ ಪ್ರತಿಭಟನೆ, ಧರಣಿ, ಮೆರವಣಿಗೆ ಏನೇ ಇದ್ದರೂ ಫ್ರೀಡಂ ಪಾರ್ಕು ಒಂದೇ ಗತಿ. ರಸ್ತೆಯಲ್ಲಿ ಮಾಡಿದರೆ ಟ್ರಾಫಿಕ್ ಜಾಮ್ ಆಗುತ್ತದೆ ಅನ್ನುವುದು ಕಾರಣ. ಬೆಂಗಳೂರಿನಲ್ಲಿ ಜಾಮ್ ಆಗುವುದು ಪ್ರತಿಭಟನೆಯಿಂದ ಅಂತ ಯಾರು ಕಂಡುಹಿಡಿದರೋ, ಅವರನ್ನು ಒಂದು ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡಲ್ಲಿ ನಿಲ್ಲಿಸಿ ಸನ್ಮಾನ ಮಾಡಬೇಕು. ಶಾಲು ಹೊದಿಸುವವರು ಬರುವಷ್ಟರಲ್ಲಿ ರಾತ್ರಿ ಆಗಿರುತ್ತದೆ.

ಅರಮನೆ ಮೈದಾನದಲ್ಲಿ ಮದುವೆ ಇದ್ದ ದಿನ ಮೇಖ್ರಿ ಸರ್ಕಲ್ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಗಂಡಿನ ಕಡೆಯವರಿಗೆ "ಫ್ರೀಡಂ ಪಾರ್ಕಲ್ಲಿ ತಾಳಿ ಕಟ್ಟಿಸಿ" ಅಂತ ಯಾರೂ ಹೇಳುವುದಿಲ್ಲ. ಹೇಳಿದರೆ ತಪ್ಪೇನಿಲ್ಲ, ಜಾಗಕ್ಕೆ ಮೊದಲು ಜೈಲಿನ ಅನುಭವವೂ ಇದೆ.

ಹೌದಲ್ಲ, ಅದು ಜೈಲು. ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದು ಅಲ್ಲೇ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿ, ಹುಲ್ಲು ಬೆಳೆಸಿ, 2008ರಲ್ಲಿ ಸ್ವಾತಂತ್ರ್ಯದ ಹೆಸರಿಟ್ಟರು. ಕಾವಲು ಗೋಪುರ ಮಾತ್ರ ಹಾಗೇ ಬಿಟ್ಟಿದ್ದಾರೆ. ಮೊದಲು ಸರ್ಕಾರದ ವಿರುದ್ಧ ಮಾತಾಡಿದವರನ್ನು ಹಿಡಿದು ತಂದು ಒಳಗೆ ಹಾಕಬೇಕಿತ್ತು. ಈಗ ಅವರೇ ಅರ್ಜಿ ಕೊಟ್ಟು, ಮೆಟ್ರೋದಲ್ಲಿ ಬಂದು, ಸಂಜೆ ಎದ್ದು ಹೋಗುತ್ತಾರೆ. ಊಟದ ಖರ್ಚೂ ಅವರದೇ. ಇದಕ್ಕಿಂತ ಒಳ್ಳೆ ಆಡಳಿತ ಸುಧಾರಣೆ ಬೇಕಾ?

ಪಕ್ಕದಲ್ಲೇ ಈಗ ಬಹುಮಹಡಿ ಪಾರ್ಕಿಂಗ್ ಕಟ್ಟಡ ಬಂದಿದೆ. ಐನೂರಕ್ಕೂ ಹೆಚ್ಚು ಕಾರು ನಿಲ್ಲುತ್ತವೆ. ಒಂದು ಕಡೆ ಕಾರು ನಿಲ್ಲಿಸಿ, ಇನ್ನೊಂದು ಕಡೆ ಸಿಟ್ಟು ನಿಲ್ಲಿಸಿ. ಕಾರಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಸಿಟ್ಟು ಸದ್ಯಕ್ಕೆ ಫ್ರೀ. ಅದಕ್ಕೇ ಫ್ರೀಡಂ ಇರಬೇಕು.

ನಾನು ತಮಾಷೆ ಮಾಡುತ್ತಿದ್ದೇನೆ, ನಿಜ. ಆದರೆ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲಿ ಹಗಲು ರಾತ್ರಿ ಕೂತಿದ್ದರು. ಜನವರಿ ಚಳಿ. ಕೋವಿಡ್ ಸಮಯದಲ್ಲಿ ಮನೆ ಬಾಗಿಲಿಗೆ ಬಂದು ಜ್ವರ ನೋಡಿದ ಅದೇ ಹೆಣ್ಣುಮಕ್ಕಳು. ಬಾಕಿ ದುಡ್ಡು ಕೊಡಿ, ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ಕೊಡಿ ಅಂತ ಕೇಳೋಕೆ ಊರು ಬಿಟ್ಟು ಬಂದು ಬಯಲಲ್ಲಿ ಮಲಗಿದರು. ಅದಕ್ಕೆ ಎರಡು ವರ್ಷ ಮೊದಲು ಇಂಥದೇ ಜನವರಿಯಲ್ಲಿ ಅಂಗನವಾಡಿಯವರು ಮಲಗಿದ್ದರು. ವಿಧಾನಸೌಧ ಅಲ್ಲಿಂದ ಎಷ್ಟು ದೂರ? ಆಟೋದವರೂ ಬರಲ್ಲ ಅನ್ನುವಷ್ಟು ಹತ್ತಿರ. ಆದರೆ ಕೂಗಿದ್ದು ಕೇಳಿಸಲ್ಲ. ಜಾಗ ಆರಿಸಿದವರು ಅಳತೆ ಹಿಡಿದೇ ಆರಿಸಿದ್ದಾರೆ. ಇದರಲ್ಲಿ ನಗೋಕೆ ಏನೂ ಇಲ್ಲ. ನನಗೆ ಸುಸ್ತಾಗಿದೆ.

ಇರಲಿ. ಮರದ ವಿಷಯಕ್ಕೆ ಬರೋಣ ಅಂದರೆ ಕೆರೆ ನೆನಪಾಗುತ್ತದೆ.

ಬೆಳ್ಳಂದೂರು ಕೆರೆಗೆ ಫ್ರೀಡಂ ಪಾರ್ಕಿಗೆ ಹೋಗೋಕೆ ಆಗಲಿಲ್ಲ. ಅದಕ್ಕೇ ಇದ್ದಲ್ಲೇ ಪ್ರತಿಭಟನೆ ಮಾಡಿತು, ಪರ್ಮಿಷನ್ ಕೇಳದೆ. ಮೊದಲು ನೊರೆ ಕಾರಿತು. ನಮ್ಮ ಸೋಪು, ಡಿಟರ್ಜೆಂಟು, ಕಕ್ಕಸಿನ ನೀರು ಎಲ್ಲ ಸೇರಿ ಕೋಡಿಯಲ್ಲಿ ಕಡೆದು ಬಿಳಿ ನೊರೆ ಎದ್ದು ರಸ್ತೆಗೆ ಹಾರಿತು. ನಾವು ಏನು ಮಾಡಿದೆವು? ಬೆಂಗಳೂರಲ್ಲಿ ಕಾಶ್ಮೀರ ಅಂತ ಸೆಲ್ಫಿ ತೆಗೆದುಕೊಂಡೆವು. ಆಮೇಲೆ ಬೆಂಕಿ ಹಚ್ಚಿಕೊಂಡಿತು. 2015ರಲ್ಲಿ ಒಮ್ಮೆ, 2017ರಲ್ಲಿ ಒಮ್ಮೆ, 2018ರ ಜನವರಿಯಲ್ಲಿ ಮತ್ತೆ. ಕೊನೆಯ ಸಲ ಆರಿಸೋಕೆ ಸೈನ್ಯ ಇಳಿಯಬೇಕಾಯಿತು. ಕೆರೆಗೆ ಬಿದ್ದ ಬೆಂಕಿ ಆರಿಸೋಕೆ ನೀರು ತರಿಸಿದ ಊರು ನಮ್ಮದು. ಹಸಿರು ನ್ಯಾಯಮಂಡಳಿ ಬೈದಮೇಲೆ ಹೂಳು ತೆಗೆಯುವ ಕೆಲಸ ಶುರುವಾಯಿತು. ಗಡುವು ಮುಂದಕ್ಕೆ ಹೋಗುತ್ತಲೇ ಇದೆ. ನಮ್ಮಲ್ಲಿ ಗಡುವು ಅಂದರೆ ಮದುವೆ ಪತ್ರಿಕೆಯ ಮುಹೂರ್ತದ ಹಾಗಲ್ಲ, ರಿಸೆಪ್ಷನ್ ಟೈಮಿನ ಹಾಗೆ.

ಆ ಕೆರೆ ಇರುವ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಾವು ಕೋಲಾರಕ್ಕೆ ಕಳಿಸುತ್ತೇವೆ. ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ. ನಾವು ಕುಡಿಯುವುದು ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ತಂದ ಕಾವೇರಿ. ಕುಡಿದು, ತೊಳೆದು, ಫ್ಲಶ್ ಮಾಡಿ ಮಿಕ್ಕಿದ್ದು ಕೋಲಾರದ ಕೆರೆಗೆ. ಅಂತರ್ಜಲ ಏರಿದೆ ಅಂತ ಅಲ್ಲಿ ಕೆಲವು ರೈತರು ಸಂತೋಷಪಡುತ್ತಾರೆ, ಸುಳ್ಳಲ್ಲ. ಆದರೆ 2018ರಲ್ಲಿ ಮೊದಲ ನೀರು ಹೋದ ಒಂದೆರಡು ತಿಂಗಳಲ್ಲೇ ಅಲ್ಲೂ ನೊರೆ ಎದ್ದಿತು, ಹೈಕೋರ್ಟು ಸ್ವಲ್ಪ ದಿನ ನಿಲ್ಲಿಸಿತ್ತು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಸ್ವಾಮಿ ಅಂತ ಅವರು ಅವತ್ತಿಂದ ಕೇಳುತ್ತಿದ್ದಾರೆ. ಅದನ್ನೂ ಎಲ್ಲಿ ಬಂದು ಕೇಳಬೇಕು? ನಮ್ಮ ಪಾರ್ಕಿಗೇ. 2016ರಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಶಾಶ್ವತ ನೀರಾವರಿ ಕೇಳಿಕೊಂಡು ಟ್ರ್ಯಾಕ್ಟರ್ ಹತ್ತಿ ಬಂದಾಗ ಊರಿನ ಟಿ.ವಿ.ಗಳೆಲ್ಲ ತೋರಿಸಿದ್ದು ಜಾಮಿನಲ್ಲಿ ಸಿಕ್ಕಿಕೊಂಡ ಕಾರುಗಳನ್ನೇ. ಫ್ಲಶ್ ಮಾಡಿದ್ದು ಬೇಗ ಹೋಗಬೇಕು, ಅದರ ಬಗ್ಗೆ ಮಾತಾಡೋಕೆ ಬಂದವರು ಮಾತ್ರ ನಿಧಾನ ಬರಬೇಕು.

2024ರ ಬೇಸಿಗೆ ನೆನಪಿದೆ ತಾನೆ? ಕಾವೇರಿ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದರು. ಉಪಮುಖ್ಯಮಂತ್ರಿಗಳೇ ನಮ್ಮ ಮನೆ ಬೋರ್‌ವೆಲ್ಲೂ ಬತ್ತಿದೆ ಅಂದರು. ನಮಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಸಮಾಜವಾದ ಮೇಲಿಂದ ಬರುತ್ತದೋ ಕೆಳಗಿಂದ ಬರುತ್ತದೋ ಅಂತ ಚರ್ಚೆ ಮಾಡುತ್ತಿದ್ದರಲ್ಲ, ಅದು ಬೋರ್‌ವೆಲ್ಲಿಂದ ಬಂತು.

ಹಾಗಂತ ಏನೂ ಆಗಲ್ಲ ಅಂತ ಹೇಳಿದರೆ ಅದೂ ಸುಳ್ಳು. ಉಕ್ಕಿನ ಸೇತುವೆ ನೆನಪು ಮಾಡಿಕೊಳ್ಳಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ, 812 ಮರ ಹೋಗಬೇಕಿತ್ತು. 2016ರ ಅಕ್ಟೋಬರಿನ ಒಂದು ಭಾನುವಾರ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಪಕ್ಕ ನಿಂತರು. ಯಾವ ಮರ ಹೋಗುತ್ತಿತ್ತೋ ಅದರ ಪಕ್ಕದಲ್ಲೇ ನಿಂತರು, ಗಮನಿಸಿ. ಮುಂದಿನ ಮಾರ್ಚಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ನಾಲ್ಕು ವರ್ಷದಲ್ಲಿ ರಸ್ತೆ ಬದಿ ನಿಲ್ಲುವುದೇ ಬೇಡ ಅಂತ ಆಯಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ನೀವೂ ಹೇಳಬೇಡಿ, ಮನಸ್ಸಲ್ಲಿಟ್ಟುಕೊಳ್ಳಿ.

ದೇವನಹಳ್ಳಿ ಚನ್ನರಾಯಪಟ್ಟಣದವರದ್ದು ಇನ್ನೂ ಗಟ್ಟಿ ಕತೆ. ವಿಮಾನದ ಬಿಡಿಭಾಗ ಮಾಡುವ ಕೈಗಾರಿಕೆಗೆ 1777 ಎಕರೆ ಬೇಕು ಅಂದರು. ಸೊಪ್ಪು, ತರಕಾರಿ, ದ್ರಾಕ್ಷಿ ಬೆಳೆಯುವ ನೆಲ. ರೈತರು 2022ರಲ್ಲಿ ಕೂತವರು ಮೂರು ವರ್ಷಕ್ಕಿಂತ ಜಾಸ್ತಿ ಕೂತರು. ಊರಲ್ಲಿ ಕೂತರು, ಪೊಲೀಸರು ಎತ್ತಿ ವ್ಯಾನಿಗೆ ಹಾಕಿದಮೇಲೆ ಫ್ರೀಡಂ ಪಾರ್ಕಲ್ಲೂ ಕೂತರು. 2025ರ ಜುಲೈಯಲ್ಲಿ ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟೆವು ಅಂದರು. ಆ ವಾರ ನಾನು ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡಲಿಲ್ಲ. ಅಷ್ಟೇ ನನ್ನ ಕಡೆಯಿಂದ ಆಗಿದ್ದು.

ಜಕ್ಕೂರು ಕೆರೆಗೆ ಒಮ್ಮೆ ಬೆಳಿಗ್ಗೆ ಹೋಗಿ ಬನ್ನಿ. ಅಲ್ಲೂ ಬರುವುದು ಶುದ್ಧ ಮಾಡಿದ ಕೊಳಚೆ ನೀರೇ. ಆದರೆ ಅದು ಮೊದಲು ಜೊಂಡಿನ ಜೌಗಲ್ಲಿ ನಿಧಾನವಾಗಿ ಹಾದು ಬರುತ್ತದೆ. ಜೊಂಡು ಯಾವ ಟೆಂಡರೂ ಕರೆಯದೆ ತನ್ನ ಕೆಲಸ ಮಾಡುತ್ತದೆ. ಕೆರೆಯಲ್ಲಿ ಮೀನು ಹಿಡಿಯುವವರಿದ್ದಾರೆ, ಹೆಜ್ಜಾರ್ಲೆಗಳಿವೆ. ಹಕ್ಕಿಗಳು ಗುಂಪಾಗಿ ಕೂತಿರುತ್ತವೆ, ಐದಕ್ಕಿಂತ ಜಾಸ್ತಿ. ಯಾರೂ ಇನ್ನೂ ಎಬ್ಬಿಸಿಲ್ಲ.

ಈಗ ಸುರಂಗ ರಸ್ತೆ ಬರುತ್ತದಂತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ, ಹತ್ತಿರ ಹತ್ತಿರ 17 ಕಿ.ಮೀ. ಮೇಲೆ ಕಟ್ಟುತ್ತೇವೆ ಅಂದರೆ ಜನ ಕೈ ಹಿಡಿದು ನಿಲ್ಲುತ್ತಾರೆ ಅಂತ ಅನುಭವ ಆಗಿದೆ, ಹಾಗಾಗಿ ಕೆಳಗೆ ಇಳಿದಿದ್ದಾರೆ. ಭೂಮಿಯೊಳಗೆ ಯಾರು ಧರಣಿ ಕೂರುತ್ತಾರೆ? ಈ ಸುರಂಗದ ಗಲಾಟೆಯಲ್ಲಿ ಹೆಸರು ಕೇಳಿಬಂದ ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಅಂತ ಅಲ್ಲೇ ಕಲ್ಲಲ್ಲಿ ಬರೆದು ಹಾಕಿದ್ದಾರೆ. ಡೈನೋಸಾರ್ ಬಂದು ಹೋಗಿದ್ದನ್ನೂ ನೋಡಿದ ಬಂಡೆ. ಈ ಯೋಜನಾ ವರದಿಯನ್ನೂ ನೋಡಲಿ ಬಿಡಿ.

ನಮ್ಮ ಕತೆ ಏನಾಯಿತು ಅಂದರೆ, ಹನ್ನೆರಡು ಕಿ.ಮೀ. ದೂರದ ಪಾರ್ಕಿಗೆ ಹೋಗುವುದಕ್ಕೆ ಇಪ್ಪತ್ತರಲ್ಲಿ ಆರು ಜನ ಉಳಿದೆವು. ಆರು ಜನಕ್ಕೆ ಒಂದು ಮೂಲೆ ಸಿಕ್ಕಿತು. ಪಕ್ಕದಲ್ಲಿ ಯಾವುದೋ ಇಲಾಖೆಯ ಹೊರಗುತ್ತಿಗೆ ನೌಕರರು ಮೈಕು ಹಾಕಿಕೊಂಡು ಕೂತಿದ್ದರು. ಅವರ ಘೋಷಣೆಗೆ ನಾವು ಧಿಕ್ಕಾರ ಅಂದೆವು, ನಮ್ಮ ಬೋರ್ಡು ಅವರು ಹಿಡಿದುಕೊಂಡರು. ಒಳ್ಳೆ ಜನ, ಚಿತ್ರಾನ್ನ ಕೊಟ್ಟರು. ಯಾರೋ ಬಂದು ನಮ್ಮ ಮನವಿ ಪತ್ರ ತೆಗೆದುಕೊಂಡು ಹೋದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಬ್ಯಾಂಕ್ ಮ್ಯಾನೇಜರ್ ಅವರು ಕೊನೆಗೂ ಕೂಗಿದರು. ಒಂದು ವಾರ ಕೆಮ್ಮಿದರು.

ಮೊನ್ನೆ ಮರ ಎಣಿಸುವವರು ಮತ್ತೆ ಬಂದರು. ಕೈಯಲ್ಲಿ ಪಟ್ಟಿ, ಕಿವಿಗೆ ಸಿಕ್ಕಿಸಿದ ಪೆನ್ನು. ಅಷ್ಟರಲ್ಲಿ ಎಳನೀರಿನ ಯಜಮಾನರ ಹೆಂಡತಿ ಹೊಂಗೆಯ ಬುಡಕ್ಕೆ ಸುಣ್ಣ ಬಳಿದು, ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದು, ಅರಿಶಿನ ಕುಂಕುಮ ಹಚ್ಚಿ, ಎರಡು ಸುತ್ತು ದಾರ ಸುತ್ತಿಬಿಟ್ಟಿದ್ದರು. ಹಳದಿ ನಂಬರು ಅದರಡಿ ಎಲ್ಲೋ ಹೋಗಿತ್ತು. ಎಣಿಸುವವರು 36ರ ಹತ್ತಿರ ನಿಂತರು, ಮುಂದೆ ಹೋಗಿ 38 ನೋಡಿದರು, ವಾಪಸ್ ಬಂದರು.

"37 ಎಲ್ಲಿ ಯಜಮಾನ್ರೇ?"

ಯಜಮಾನರು ತಲೆ ಎತ್ತಲಿಲ್ಲ. ಕಾಯಿ ಕೆತ್ತುತ್ತಲೇ ಹೇಳಿದರು:

"ಫ್ರೀಡಂ ಪಾರ್ಕಿಗೆ ಹೋಗಿದೆ ಸಾರ್. ಸಂಜೆ ಬರುತ್ತೆ."